ದೇಶ, ಯುದ್ಧ ಮತ್ತು ನಮ್ಮ ಪಾಲಿನ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಹೋತ್ಸವ ಸಮಿತಿಯವರು ನನಗೆ ಕೊಟ್ಟ ವಿಷಯ ‘ಸೈನಿಕನ ಅನುಭವಗಳು’. ಆಮಂತ್ರಣ ಪತ್ರಿಕೆಯಲ್ಲಿಯೂ ಹಾಗೆಯೇ ಅಚ್ಚಾಗಿದೆ. ಅನುಭವ ಸ್ವಲ್ಪ ಹೇಳುತ್ತೇನೆ, ಬಹಳ ಹೇಳುವುದಿಲ್ಲ. ಹುಡುಗರಿಗೆ ಬಂದೂಕಿನ ಕಥೆ ಕೇಳುವ ಆಸೆ ಇರುತ್ತದೆ. ನಾನು ಸೈನ್ಯದಲ್ಲಿ 24 ವರ್ಷ ಓಡಿಸಿದ್ದು ಲಾರಿ. ಊರಿಗೆ ಬಂದು 22 ವರ್ಷವಾಯಿತು, ಅದರಲ್ಲಿ ಐದು ವರ್ಷ ಗ್ರಾಮ ಪಂಚಾಯತಿ ಸದಸ್ಯನಾಗಿದ್ದೆ. ಲಾರಿಯಲ್ಲಿ ಕಂಡದ್ದಕ್ಕಿಂತ ಪಂಚಾಯತಿಯಲ್ಲಿ ಕಂಡದ್ದು ಹೆಚ್ಚು ಎಂದು ಒಮ್ಮೊಮ್ಮೆ ಅನಿಸುತ್ತದೆ. ಹೀಗಾಗಿ ಯುದ್ಧದ ಮಾತಿನ ಜೊತೆಗೆ ರಾಜಕೀಯದ ಮಾತೂ ಬರುತ್ತದೆ. ಯಾವ ಪಕ್ಷದ ಹೆಸರನ್ನೂ ಎತ್ತುವುದಿಲ್ಲ, ಹಿರಿಯರು ಗಾಬರಿಯಾಗಬಾರದು.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಮೇ 7ಕ್ಕೆ ನಮ್ಮ ಸೇನೆ ಉತ್ತರ ಕೊಟ್ಟಿತು, 10ಕ್ಕೆ ಗುಂಡು ನಿಂತಿತು. ಈ ನಾಲ್ಕು ದಿನ ನಮ್ಮ ಊರಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಯಾರೂ ಮಲಗಲಿಲ್ಲ. ಹುಡುಗರು ನನ್ನನ್ನು ಹುಡುಕಿಕೊಂಡು ಬಂದರು. “ಕಾಕಾ, ಕರಾಚಿ ಬಂದರಾ ಹೋತಂತ, ಟಿವಿಯಾಗ ಹೇಳಾಕ್ಹತ್ತಾರ” ಅಂದರು. ಕೆಲವು ವಾಹಿನಿಗಳು ನಿಜವಾಗಿಯೂ ಹಾಗೆ ಹೇಳುತ್ತಿದ್ದವು. “ಬೆಳಗಾಗಲಿ ತಡಿರೋ” ಎಂದೆ. ಬೆಳಗಾಯಿತು, ಕರಾಚಿ ಇದ್ದಲ್ಲಿಯೇ ಇತ್ತು. ರಾತ್ರಿ ಪಟಾಕಿ ಹೊಡೆದಿದ್ದ ಹುಡುಗರು ಮರುದಿನ ಆ ಸುದ್ದಿ ಏನಾಯಿತೆಂದು ಕೇಳಲಿಲ್ಲ. ವಾಹಿನಿಯವರೂ ಹೇಳಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ಸುಳ್ಳು ನಮ್ಮ ಪಕ್ಕದ ಜಿಲ್ಲೆಯಲ್ಲಿಯೇ ಹುಟ್ಟಿತು. ಸೇನೆಯ ಪರವಾಗಿ ಪತ್ರಿಕೆಯವರ ಮುಂದೆ ದಿನಾಲು ವಿವರ ಕೊಡುತ್ತಿದ್ದ ಕರ್ನಲ್ ಸೋಫಿಯಾ ಖುರೇಶಿ ಅವರ ಗಂಡನ ಮನೆ ಗೋಕಾಕ ತಾಲೂಕಿನ ಕೊಣ್ಣೂರಿನಲ್ಲಿದೆ. ಆ ಮನೆಯ ಮೇಲೆ ದಾಳಿಯಾಗಿದೆ ಎಂದು ಯಾರೋ ಎಲ್ಲಿಯೋ ಕುಳಿತು ಬರೆದು ಹರಿಬಿಟ್ಟರು. ಬೆಳಗಾವಿಯ ಪೊಲೀಸರು ಆ ಮನೆಗೆ ಕಾವಲು ಕೊಡಬೇಕಾಯಿತು, ಅಂಥದ್ದೇನೂ ಆಗಿಲ್ಲ ಎಂದು ಸಾರಬೇಕಾಯಿತು. ಒಂದು ಕ್ಷಣ ವಿಚಾರ ಮಾಡಿರಿ. ಆ ಮನೆಯ ಸೊಸೆ ದೆಹಲಿಯಲ್ಲಿ ದೇಶದ ಪರ ಮಾತನಾಡುತ್ತಿದ್ದಾಳೆ, ಊರಿನಲ್ಲಿ ಮಾವನವರಿಗೆ ಪೊಲೀಸ್ ಕಾವಲು. ಆ ಸುಳ್ಳನ್ನು ಮುಂದಕ್ಕೆ ಕಳಿಸಿದವರಲ್ಲಿ ಬಹಳ ಜನ ಕೆಟ್ಟವರಲ್ಲ. ಬೆರಳು ಒತ್ತಿದರು, ಅಷ್ಟೇ.

ಸುಳ್ಳು ಸುದ್ದಿ ಎಂದರೆ ಪಾಕಿಸ್ತಾನದ ವಿಷಯ, ದೊಡ್ಡವರ ವಿಷಯ ಎಂದು ತಿಳಿಯಬೇಡಿ. 2023ರ ಮೇ 10, ವಿಧಾನಸಭೆಗೆ ಮತದಾನ. ಬಸವನ ಬಾಗೇವಾಡಿ ತಾಲೂಕಿನ ಮಸಬಿನಾಳದಲ್ಲಿ ಅಧಿಕಾರಿಯೊಬ್ಬರು ಜೀಪಿನಲ್ಲಿ ಮತಯಂತ್ರ ಇಟ್ಟುಕೊಂಡು ಬಂದರು. ಅವು ಕಾಯ್ದಿರಿಸಿದ ಯಂತ್ರಗಳು, ಎಲ್ಲಿಯಾದರೂ ಒಂದು ಕೆಟ್ಟರೆ ಬದಲಿಗೆ ಇಡಲೆಂದು ಇರುವಂಥವು. ಯಂತ್ರ ಬದಲಿ ಮಾಡಲು ಒಯ್ಯುತ್ತಿದ್ದಾರೆ ಎಂಬ ಗಾಳಿಮಾತು ಹಬ್ಬಿತು. ಜನ ಜೀಪು ತಡೆದರು, ಯಂತ್ರಗಳನ್ನು ಒಡೆದರು, ಅಧಿಕಾರಿಗೂ ಪೆಟ್ಟಾಯಿತು. ಇಪ್ಪತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ರಾಷ್ಟ್ರದ ಎಲ್ಲ ಟಿವಿಗಳಲ್ಲಿ ಆ ಊರ ಹೆಸರು ಬಂತು. ಆ ಊರನ್ನು ನಾನು ಬೈಯುವುದಿಲ್ಲ, ನಮ್ಮ ಊರಿನಲ್ಲಿಯೂ ಆಗಬಹುದಿತ್ತು. ಅವರು ಮತ ಉಳಿಸಬೇಕೆಂದೇ ಓಡಿಬಂದವರು. ಆದರೆ ಮತಗಟ್ಟೆಯಲ್ಲಿ ಎಲ್ಲ ಪಕ್ಷದ ಏಜೆಂಟರಿದ್ದರು, ಮೇಲೆ ಫೋನ್ ಮಾಡಿದರೆ ಉತ್ತರ ಕೊಡುವವರಿದ್ದರು. ಎರಡು ನಿಮಿಷ ಯಾರಾದರೂ ‘ಇವು ಯಾವ ಯಂತ್ರ?’ ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳುವಷ್ಟು ತಾಳಿದ್ದರೆ ಸಾಕಾಗಿತ್ತು. ಕೇಸು ಬಿದ್ದ ಮೇಲೆ ಕೋರ್ಟಿಗೆ ತಿರುಗುವವರು ಗಾಳಿಮಾತು ಹಬ್ಬಿಸಿದವರಲ್ಲ, ಕೈ ಎತ್ತಿದ ಬಡವರು.

ಯುದ್ಧ ನಮ್ಮ ಜಿಲ್ಲೆಗೆ ಹೊಸದಲ್ಲ. ಒಂಬತ್ತನೇ ಇಯತ್ತೆಯಲ್ಲಿ ಇತಿಹಾಸದ ಗುರುಗಳು ತಾಳಿಕೋಟಿ ಕದನವನ್ನು ಓದಿಸುವಾಗ “ಇದು ಬೇರೆ ದೇಶದ ಕಥಿ ಅಲ್ಲೋ, ಮುದ್ದೇಬಿಹಾಳ ಬಸ್ ಹತ್ತಿದರ ಸಿಗತೈತಿ” ಎನ್ನುತ್ತಿದ್ದರು. 1565ರ ಜನವರಿ 23. ರಕ್ಕಸಗಿ-ತಂಗಡಗಿ ಎರಡೂ ಮುದ್ದೇಬಿಹಾಳ ತಾಲೂಕಿನ ಹಳ್ಳಿಗಳು, ಕೃಷ್ಣೆಯ ದಂಡೆ. ನಿಖರವಾಗಿ ಯಾವ ಹೊಲದಲ್ಲಿ ನಡೆಯಿತು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದು ಇರಲಿ. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ವಿಜಯನಗರದ ರಾಮರಾಯ ಅದಕ್ಕೂ ಕೆಲವು ವರ್ಷ ಮೊದಲು ಬಿಜಾಪುರದ ಅಲಿ ಆದಿಲಶಾಹನ ಜೊತೆಗೂಡಿ ಅಹಮದನಗರದ ಮೇಲೆ ಏರಿಹೋಗಿದ್ದ. ಆಮೇಲೆ ಅಹಮದನಗರಕ್ಕೂ ಬಿಜಾಪುರಕ್ಕೂ ಮದುವೆಯ ಬೀಗತನವಾಯಿತು. ಚಾಂದಬೀಬಿ ಅಲಿಯ ಹೆಂಡತಿಯಾಗಿ ಬಂದಳು, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಬೀಗರು ಕೂಡಿ ರಾಮರಾಯನ ಮೇಲೆ ಬಂದರು. ಗೆದ್ದ ಬಿಜಾಪುರವನ್ನೂ 1686ರಲ್ಲಿ ಔರಂಗಜೇಬ ನುಂಗಿದ. ಇದನ್ನೆಲ್ಲ ಬರಿಯ ಹಿಂದೂ ಮುಸ್ಲಿಂ ಕದನವೆಂದು ಹೇಳುವವರಿಗೆ ಈ ಬೀಗತನದ ಲೆಕ್ಕ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುವುದಿಲ್ಲ. ಎರಡೂ ದಂಡಿನ ಆನೆ ಕುದುರೆಗೆ ಮೇವಾದದ್ದು ರಕ್ಕಸಗಿಯ ಜೋಳ. ಜನವರಿ ಎಂದರೆ ಹಿಂಗಾರಿಯ ಜೋಳ ತೆನೆ ಕಟ್ಟುವ ಹೊತ್ತು, ನಿಮಗೆ ನಾನು ಹೇಳಬೇಕಿಲ್ಲ.

ಹತ್ತಿರದ ಯುದ್ಧವೂ ಇದೆ. ಸಿಂದಗಿ, ಇಂಡಿ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಭೀಮೆ ದಾಟಿದರೆ ಅಫಜಲಪುರ, ನಿಜಾಮನ ಸೀಮೆ. ನಮ್ಮಲ್ಲಿ 1947ರ ಆಗಸ್ಟ್ 15ಕ್ಕೆ ಧ್ವಜ ಏರಿತು, ಹೊಳೆಯ ಆಚೆ ಏರಲಿಲ್ಲ. ಆಚೆಯ ಸೀಮೆಯ ಹೋರಾಟವನ್ನು ನಡೆಸಿದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು 1903ರಲ್ಲಿ, ನಮ್ಮ ಸಿಂದಗಿಯಲ್ಲಿ. ಸಿಂದಗಿಯ ಎಷ್ಟು ಹುಡುಗರಿಗೆ ಇದು ಗೊತ್ತಿದೆ ಎಂದು ಕೈ ಎತ್ತಿಸಲು ಹೋಗುವುದಿಲ್ಲ. ರಜಾಕಾರರ ಹಾವಳಿ ಹೆಚ್ಚಾದಾಗ ಆಚೆಯ ಜನ ದನಕರು ಹೊಡೆದುಕೊಂಡು, ಹೊಳೆ ದಾಟಿ, ಈಚೆಯ ಹಳ್ಳಿಗಳಿಗೆ ಬಂದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಹೊಕ್ಕಿತು, 17ಕ್ಕೆ ನಿಜಾಮ ಶರಣಾದ. ಪುಸ್ತಕದ ಪಾಠ ಅಲ್ಲಿಗೆ ಮುಗಿಯುತ್ತದೆ. ಅದಾದ ಮೇಲೆ ಸೇಡಿನ ಹಾವಳಿಯೂ ನಡೆಯಿತು, ಅದನ್ನು ವಿಚಾರಿಸಲು ಭಾರತ ಸರಕಾರವೇ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ತಂಡ ಕಳಿಸಿತು. ನಮ್ಮ ಮನೆಯಲ್ಲಿ ಇದಕ್ಕೆ ಪುಸ್ತಕ ಬೇಕಿರಲಿಲ್ಲ. ಮೊದಲು ಬಂದವರು ಲಿಂಗಾಯತರು, ಕುರುಬರು, ಬ್ರಾಹ್ಮಣರು. ಸೆಪ್ಟೆಂಬರ್ ಮುಗಿಯುವಾಗ ಬಂದವರು ಮುಸಲ್ಮಾನರು. ನಮ್ಮ ಅಜ್ಜನ ದನದ ಕೊಟ್ಟಿಗೆ ಎರಡೂ ಸಲ ತೆರೆದಿತ್ತು. ಯಾರೋ ಅಜ್ಜನನ್ನು ಕೇಳಿದರಂತೆ, “ಅವರ್ನೂ ಇಟಗೊಂಡಿ, ಇವರ್ನೂ ಇಟಗೊಂಡಿ, ನೀ ಯಾರ ಕಡೆ?” ಅಜ್ಜ ಅಂದನಂತೆ, “ಕೊಟ್ಟಿಗಿ ನಂದು, ಬಾಗಲಾ ನಂದು, ಕಡಿ ಯಾವುದರ ಏನಾತು.” ನಮ್ಮ ಅಜ್ಜ ಶಾಲೆಯ ಮುಖ ಕಂಡವನಲ್ಲ.

ಇನ್ನು ಈ ಶಾಲೆ. 1975ರ ಜೂನ್‌ನಲ್ಲಿ ಎರಡು ತಗಡಿನ ಕೋಣೆಯಲ್ಲಿ ಶುರುವಾಯಿತು. ನಾನು ಮೊದಲ ತಂಡದ ಎಂಟನೇ ಇಯತ್ತೆಯವ. ಅದೇ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಪೌರನೀತಿಯ ಪುಸ್ತಕದಲ್ಲಿ ಮೂಲಭೂತ ಹಕ್ಕುಗಳ ಪಾಠವಿತ್ತು. ಗುರುಗಳು ಒಂದೊಂದೇ ಹಕ್ಕು ಓದಿಸಿದರು. ನಮ್ಮಲ್ಲೊಬ್ಬ ಎದ್ದು, “ಸರ್, ಇವು ಈಗ ಅದಾವೇನ್ರಿ?” ಎಂದು ಕೇಳಿದ. ಗುರುಗಳು ಕಿಟಕಿಯ ಹೊರಗೆ ನೋಡಿ, “ಅದಾವು. ಸ್ವಲ್ಪ ದಿನ ಕೀಲಿ ಹಾಕಿ ಇಟ್ಟಾರ. ನೀವು ಮಾತ್ರ ಪಾಠ ಮಾಡಿಟಗೋರಿ, ಕೀಲಿ ತೆಗೆದಾಗ ಬೇಕಾಗತೈತಿ” ಎಂದರು. ಆ ಗುರುಗಳು ಇವತ್ತು ಇಲ್ಲ. ಆ ಕಾಲದಲ್ಲಿ ಅಷ್ಟು ಹೇಳಲಿಕ್ಕೂ ಎದೆ ಬೇಕಿತ್ತು, ಸರಕಾರಿ ನೌಕರಿ ಅವರದು.

1977ರಲ್ಲಿ ಕೀಲಿ ತೆಗೆದರು. ಉತ್ತರ ಭಾರತದಲ್ಲಿ ಸರಕಾರವನ್ನು ಕಿತ್ತೊಗೆದರು, ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಅದೇ ಪಕ್ಷಕ್ಕೆ ಹೋದವು. ದೆಹಲಿಯ ಪಂಡಿತರು ದಕ್ಷಿಣದವರಿಗೆ ಸ್ವಾತಂತ್ರ್ಯದ ಬೆಲೆ ಗೊತ್ತಿಲ್ಲ ಎಂದರಂತೆ. ನಮ್ಮ ಊರಿನಲ್ಲಿ 1974ರ ಭೂಸುಧಾರಣೆ ಕಾಯ್ದೆಯಿಂದ ಹೊಲ ಸಿಕ್ಕ ಮನೆಗಳಿದ್ದವು. ಉತಾರದಲ್ಲಿ ಮೊದಲ ಸಲ ತಮ್ಮ ಹೆಸರು ಕಂಡವರಿಗೆ ಅದೂ ಒಂದು ಸ್ವಾತಂತ್ರ್ಯವೇ. ಮತದಾರ ಬಡವನಾಗಿದ್ದರೂ ಲೆಕ್ಕ ಇಟ್ಟೇ ಮತ ಹಾಕುತ್ತಾನೆ ಎಂಬುದು ನನ್ನ ತಿಳಿವಳಿಕೆ. ಅವನ ಲೆಕ್ಕ ನಮಗೆ ಒಪ್ಪಿಗೆಯಾಗದೆ ಇರಬಹುದು.

ನಾನು ಹೇಳಬೇಕೆಂದುಕೊಂಡು ಬಂದ ಮುಖ್ಯ ಮಾತು ಆಲಮಟ್ಟಿಯದು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಬಂದು ಅಣೆಕಟ್ಟಿನ ಅಡಿಗಲ್ಲು ಇಟ್ಟರು. ಆಗ ಅವರು ಪ್ರಧಾನಿಯಲ್ಲ. ಐದನೆಯ ದಿನ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಶಾಸ್ತ್ರಿಯವರು ಪ್ರಧಾನಿಯಾದರು. ಮರುವರ್ಷ ಪಾಕಿಸ್ತಾನದ ಜೊತೆ ಯುದ್ಧ. ದೇಶದಲ್ಲಿ ಆಹಾರದ ಕೊರತೆ, ಅಮೆರಿಕದ ಗೋಧಿಗೆ ಕೈಯೊಡ್ಡುವ ಸ್ಥಿತಿ. ವಾರಕ್ಕೆ ಒಂದು ಹೊತ್ತು, ಸೋಮವಾರ ರಾತ್ರಿ ಊಟ ಬಿಡಿರಿ ಎಂದು ಅವರು ದೇಶವನ್ನು ಕೇಳಿಕೊಂಡರು. ಪಟ್ಟಣಗಳಲ್ಲಿ ಖಾನಾವಳಿಗಳು ಸೋಮವಾರ ರಾತ್ರಿ ಬಾಗಿಲು ಹಾಕಿದವು. ನಮ್ಮ ಅವ್ವ ಮಾತ್ರ ಸಾಯುವ ತನಕ ಇದನ್ನು ನೆನೆಸಿ ನಗುತ್ತಿದ್ದಳು. “ಸೋಮಾರ ನಾವು ಮೊದಲss ಒಪ್ಪತ್ತ ಮಾಡವರು. ಶಾಸ್ತ್ರಿ ದೇವರಂಥಾ ಮನಷ್ಯಾ ಖರೆ, ಆದರ ಅಂವಾ ಕೇಳಬೇಕಾಗಿದ್ದು ನಮ್ಮನ್ನಲ್ಲ, ಎರಡ ಹೊತ್ತ ಉಣ್ಣವರನ್ನ” ಎನ್ನುತ್ತಿದ್ದಳು. ಆದರೂ ಅವಳು ಆ ವರ್ಷ ಸೋಮವಾರದ ಜೊತೆಗೆ ಗುರುವಾರವೂ ಒಪ್ಪತ್ತು ಮಾಡಿದ್ದಳಂತೆ. ದೇವರದ್ದು ದೇವರಿಗೆ, ದೇಶದ್ದು ದೇಶಕ್ಕೆ, ಕಲಸಬಾರದು ಎಂದು.

ಶಾಸ್ತ್ರಿಯವರು 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ತೀರಿಕೊಂಡರು. ಅವರ ಹೆಸರಿನ ಜಲಾಶಯ ತುಂಬಲು ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ತುಂಬಿದಾಗ ಮುಳುಗಿದ ಊರುಗಳಲ್ಲಿ ಒಂದು ಹಳೆಯ ಕೊಲ್ಹಾರ. ನಮ್ಮ ಅಕ್ಕನನ್ನು ಅಲ್ಲಿ ಕೊಟ್ಟಿತ್ತು. ಕೊಲ್ಹಾರದ ಮೊಸರು ನಿಮಗೆಲ್ಲ ಗೊತ್ತು, ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂಬ ಮೊಸರು. ಅಕ್ಕನ ಮನೆ ಹೊಳೆಯ ಕಡೆಗಿತ್ತು. ಅಳತೆಯವರು ಬಂದು ಗೋಡೆಗೆ ನಂಬರು ಬರೆದು ಹೋದರು. ಮನೆಯ ತೊಲೆ, ಕಂಬ, ಬಾಗಿಲು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಪುನರ್ವಸತಿ ಕೇಂದ್ರಕ್ಕೆ ತಂದರು. ಹೊಸ ಮನೆಗೆ ಹಳೆಯ ಹೊಸ್ತಿಲನ್ನೇ ಇಟ್ಟಿದ್ದಾಳೆ, ಎರಡು ಗೇಣು ಉದ್ದ ಜಾಸ್ತಿಯಾಗಿ ಗೋಡೆಯ ಹೊರಗೆ ಚಾಚಿದೆ. ನಾನು ರಜೆಗೆ ಬಂದಾಗ ಅಕ್ಕ ಕೇಳಿದಳು, “ತಮ್ಮಾ, ನೀ ಗಡಿಯಾಗ ಇದ್ದು ದೇಶಕ್ಕ ಕೊಟ್ಟಿ ಅಂತಾರ, ಹಾರಾ ಹಾಕ್ತಾರ. ನಾವೂ ಕೊಟ್ಟೇವಲ್ಲೋ, ಒಬ್ಬರರ ಹಾರ ಹಾಕ್ಯಾರೇನು?” ನನಗೆ ಉತ್ತರ ಬರಲಿಲ್ಲ. ಇವತ್ತಿಗೂ ಸರಿಯಾದ ಉತ್ತರವಿಲ್ಲ. ಇಂಡಿಯ ಲಿಂಬೆಯ ತೋಟಕ್ಕೆ, ಮುದ್ದೇಬಿಹಾಳದ ಹೊಲಕ್ಕೆ ಕಾಲುವೆಯ ನೀರು ಹರಿಯಬೇಕಾದರೆ ಕೊಲ್ಹಾರ, ನಿಡಗುಂದಿ, ಬಾಗಲಕೋಟೆ ಕಡೆಯ ಜನ ಮನೆ ಬಿಟ್ಟು ಏಳಬೇಕಾಯಿತು. ಗುಂಡಿಲ್ಲದೆ, ವೈರಿಯಿಲ್ಲದೆ ಊರಿಗೆ ಊರೇ ದೇಶಕ್ಕೆ ಸಂದಿತು.

ಅದು ಮುಗಿದಿಲ್ಲ ಎಂಬುದು ಇಲ್ಲಿರುವ ರೈತರಿಗೆ ಗೊತ್ತು. ಈಗ ನೀರು ನಿಲ್ಲುವುದು 519.6 ಮೀಟರಿಗೆ. 524.256ಕ್ಕೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ, ಅಧಿಸೂಚನೆ ಇನ್ನೂ ಹೊರಬಿದ್ದಿಲ್ಲ, ಮಹಾರಾಷ್ಟ್ರ ತಕರಾರು ಎತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆಯ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಎಂದು ನಿರ್ಧರಿಸಿತು. ನಿರ್ಧಾರ ಒಳ್ಳೆಯದು. ಹಣ ಕೈಗೆ ಬಂದ ದಿನ ಇನ್ನೂ ಒಳ್ಳೆಯದು. ಇಷ್ಟು ದೊಡ್ಡ ವಿಷಯದಲ್ಲಿ ನಮ್ಮ ಸಂಸದರು, ಜಿಲ್ಲೆಯ ಎಂಟು ಶಾಸಕರು ಏನು ಮಾತನಾಡಿದರು ಎಂದು ನಮ್ಮ ಕಟ್ಟೆಯ ಮೇಲೆ ಒಂದು ದಿನ ಚರ್ಚೆಯಾದದ್ದು ನಾನು ಕೇಳಿಲ್ಲ. ಕರಾಚಿಯ ವಿಷಯದಲ್ಲಿ ನಾಲ್ಕು ರಾತ್ರಿ ಆಯಿತು.

ಇನ್ನು ಕಾರ್ಗಿಲ್, ಹುಡುಗರು ಕಾಯುತ್ತಿದ್ದಾರೆ. 1999ರ ಮೇ ತಿಂಗಳಿನಿಂದ ಜುಲೈ ತನಕ ನಾನು ಶ್ರೀನಗರ-ಲೇಹ್ ರಸ್ತೆಯಲ್ಲಿ ಲಾರಿ ಓಡಿಸಿದೆ. ಝೋಜಿಲಾ ಕಣಿವೆ ಹನ್ನೊಂದು ಸಾವಿರ ಅಡಿಗಿಂತ ಎತ್ತರ. ಅದನ್ನು ಇಳಿದರೆ ದ್ರಾಸ್. ದ್ರಾಸಿನ ನೆತ್ತಿಯ ಮೇಲೆ ತೋಲೋಲಿಂಗ್ ಬೆಟ್ಟ, ಅದರ ಮೇಲೆ ಅವರು ಕುಳಿತಿದ್ದರು. ಕೆಳಗಿನ ರಸ್ತೆಯಲ್ಲಿ ನಮ್ಮ ಲಾರಿ ಅವರಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಹಗಲು ಹೋಗುವಂತಿಲ್ಲ. ರಾತ್ರಿ ದೀಪ ಹಾಕುವಂತಿಲ್ಲ. ಮುಂದಿನ ಲಾರಿಯ ಹಿಂಭಾಗದಲ್ಲಿ ಕಟ್ಟಿದ ಬಿಳಿ ಅರಿವೆ ನೋಡಿಕೊಂಡು ನಡೆಸುವುದು. ಹಿಂದೆ ಮದ್ದುಗುಂಡು ತುಂಬಿದೆ, ಪಕ್ಕದಲ್ಲಿ ಪ್ರಪಾತ. ನನಗೆ ಹೆದರಿಕೆ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಹೊಟ್ಟೆಯಲ್ಲಿ ಹೆದರಿಕೆ, ಕೈಯಲ್ಲಿ ಸ್ಟೇರಿಂಗ್, ಎರಡೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು.

ಜೂನ್ 13ರಂದು ತೋಲೋಲಿಂಗ್ ನಮ್ಮದಾಯಿತು. ಅದನ್ನು ಗೆದ್ದ ಎರಡನೆಯ ರಜಪುತಾನಾ ರೈಫಲ್ಸ್ ಪಡೆಯ ದಂಡನಾಯಕ ಕರ್ನಲ್ ಎಂ.ಬಿ. ರವೀಂದ್ರನಾಥ್ ನಮ್ಮ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು, ಕನ್ನಡದವರು. ಅವರಿಗೆ ವೀರಚಕ್ರ ಬಂತು. ಅದು ತಿಳಿದಾಗ ಬಿಜಾಪುರದ ಹೆಸರು ಹೇಳಿಕೊಂಡು ನಾನೂ ಎರಡು ದಿನ ಎದೆಯುಬ್ಬಿಸಿ ತಿರುಗಿದೆ. ಜುಲೈ 26ಕ್ಕೆ ಯುದ್ಧ ಮುಗಿದಾಗ ನಮ್ಮವರು 527 ಜನ ಹೋಗಿದ್ದರು. ಆಚೆಯವರ ಎಷ್ಟೋ ಸೈನಿಕರ ಶವಗಳನ್ನು ಅವರ ಸರಕಾರ ತನ್ನವರೆಂದು ಒಪ್ಪಲಿಲ್ಲ. ನಮ್ಮ ಸೇನೆಯೇ ಅವರ ಧರ್ಮದ ವಿಧಿಯಂತೆ ಮಣ್ಣು ಮಾಡಿತು. ಈ ವಿಷಯವನ್ನು ನಾನು ಶಾಲೆಗಳಲ್ಲಿ ಹೇಳಿದಾಗಲೆಲ್ಲ ಒಂದಿಬ್ಬರು ಮುಖ ಸಿಂಡರಿಸುತ್ತಾರೆ, ‘ಅದನ್ನ್ಯಾಕ ಹೇಳ್ತೀರಿ’ ಎಂದು. ನಾನು ಸೇವೆ ಮಾಡಿದ ಸೇನೆ ಹಾಗಿತ್ತು, ಅದಕ್ಕೆ ಹೇಳುತ್ತೇನೆ.

ಒಂದು ವ್ಯತ್ಯಾಸ ಗಮನಿಸಿದ್ದೇನೆ. 1965ರಲ್ಲಿ, 71ರಲ್ಲಿ ಸೈನಿಕ ಸತ್ತರೆ ಮನೆಗೆ ತಂತಿ ಬರುತ್ತಿತ್ತು, ಹೆಚ್ಚೆಂದರೆ ಸಾಮಾನಿನ ಪೆಟ್ಟಿಗೆ. ಕಾರ್ಗಿಲ್‌ನಿಂದ ಈಚೆಗೆ ತ್ರಿವರ್ಣ ಹೊದಿಸಿದ ಶವಪೆಟ್ಟಿಗೆ ಊರಿಗೇ ಬರುತ್ತದೆ. ಅದು ಒಳ್ಳೆಯದೇ ಆಯಿತು, ತಾಯಿಗೆ ಮಗನ ಮುಖ ಕಾಣುತ್ತದೆ. ಅದರ ಜೊತೆಗೆ ಮೆರವಣಿಗೆ ಬಂತು, ಬ್ಯಾನರ್ ಬಂತು, ಬ್ಯಾನರಿನಲ್ಲಿ ಸತ್ತವನಿಗಿಂತ ದೊಡ್ಡದಾಗಿ ಬದುಕಿರುವವರ ಫೋಟೋ ಬಂತು.

ಕೆಲವು ವರ್ಷಗಳ ಹಿಂದೆ ನಮ್ಮ ಸುತ್ತಿನ ಹಳ್ಳಿಯ ಒಬ್ಬ ಹುಡುಗ ಸೇವೆಯಲ್ಲಿರುವಾಗ ಹಿಮ ಕುಸಿದು ತೀರಿಕೊಂಡ. ಊರ ಹೆಸರು ಬೇಡ. ಅಂತ್ಯಕ್ರಿಯೆಗೆ ನಲವತ್ತು ಟ್ರ್ಯಾಕ್ಟರ್ ಜನ ಬಂದರು. ಮೂರು ಪಕ್ಷದ ಮುಖಂಡರು ಮೂರ್ತಿ ನಿಲ್ಲಿಸುವುದಾಗಿ ಮಾತು ಕೊಟ್ಟರು. ಅವನ ಹೆಂಡತಿಗೆ ಆಗ ಇಪ್ಪತ್ತಮೂರು ವರ್ಷ, ಕೈಯಲ್ಲಿ ಎಂಟು ತಿಂಗಳ ಕೂಸು. ನಮ್ಮ ಕಡೆ ಮದುವೆಯಾದಾಗ ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ ಇದೆಯಲ್ಲ, ಸೈನ್ಯದ ದಾಖಲೆಯಲ್ಲಿ ಗಂಡ ಬರೆಸಿದ್ದು ಆ ಹೊಸ ಹೆಸರು. ಆಧಾರ್‌ನಲ್ಲಿ, ಬ್ಯಾಂಕಿನಲ್ಲಿ ತವರಿನ ಹೆಸರು. ಇಬ್ಬರೂ ಒಬ್ಬಳೇ ಎಂದು ತೋರಿಸಬೇಕು. ಅದಕ್ಕೆ ಅಫಿಡವಿಟ್ ಬೇಕು, ವಂಶಾವಳಿ ಬೇಕು, ಊರಿನ ಇಬ್ಬರ ಸಾಕ್ಷಿ ಬೇಕು. ಕಚೇರಿಯೊಂದರಲ್ಲಿ ಅವಳನ್ನು ಇವತ್ತು ಬಾ, ಸೋಮವಾರ ಬಾ ಎಂದು ತಿರುಗಿಸಿದರು. ಕಚೇರಿಯನ್ನು ಬೈಯುವುದು ಸುಲಭ. ನಾನು ಕೇಳುವುದು ಆ ಇಬ್ಬರು ಸಾಕ್ಷಿಗಳನ್ನು. ನಲವತ್ತು ಟ್ರ್ಯಾಕ್ಟರ್ ಬಂದಿದ್ದ ಊರಿನಿಂದ ಹದಿನಾಲ್ಕು ತಿಂಗಳ ತನಕ ಅವಳ ಜೊತೆ ಬಸ್ ಹತ್ತಿ ಹೋಗಿ ಸಹಿ ಹಾಕಲು ಇಬ್ಬರು ಗಂಡಸರು ಸಿಗಲಿಲ್ಲ. ಒಬ್ಬರಿಗೆ ಮೈದುನನ ಹಂಗು, ಒಬ್ಬರಿಗೆ ಹೊಲದ ವಾರಸಾದಲ್ಲಿ ಅವಳ ಹೆಸರು ಬಂದರೆ ಮುಂದೆ ತೊಂದರೆ, ಒಬ್ಬರಿಗೆ ಬರೀ ಪುರುಸೊತ್ತಿಲ್ಲ. ಕೊನೆಗೆ ಅವಳ ತಂದೆ ನನ್ನ ಹತ್ತಿರ ಬಂದ. ನಾನು ಮತ್ತು ಇದೇ ಶಾಲೆಯಿಂದ ನಿವೃತ್ತರಾದ ಒಬ್ಬ ಗುರುಗಳು ಹೋದೆವು. ಅಫಿಡವಿಟ್ ಒಂದು ದಿನದ ಕೆಲಸ. ವಿಜಯಪುರದ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಾಗದ ರೆಜಿಮೆಂಟಿಗೆ ಹೋಯಿತು, ಐದನೆಯ ತಿಂಗಳಿಗೆ ಪೂರ್ತಿ ಪೆನ್ಶನ್ ಬಂತು, ಹಿಂದಿನ ಬಾಕಿಯೂ ಬಂತು. ಈಗ ಅವಳು ಬಿ.ಎಡ್. ಮುಗಿಸಿದ್ದಾಳೆ. ಮೂರ್ತಿ ಇನ್ನೂ ನಿಂತಿಲ್ಲ. ಕಟ್ಟೆ ಮಾತ್ರ ಕಟ್ಟಿದ್ದಾರೆ, ಅದರ ಮೇಲೆ ಸಂಜೆ ಇಸ್ಪೀಟು ನಡೆಯುತ್ತದೆ.

ರಾಷ್ಟ್ರ ರಾಜಕಾರಣದ ಬಗ್ಗೆ ನಮಗೆ ಇರುವಷ್ಟು ಅಭಿಪ್ರಾಯ ನಮ್ಮ ಬಾಗಿಲ ಮುಂದಿನ ರಾಜಕಾರಣದ ಬಗ್ಗೆ ಯಾಕೆ ಇಲ್ಲ ಎಂದು ನಾನು ಬಹಳ ಸಲ ವಿಚಾರ ಮಾಡಿದ್ದೇನೆ. ದೆಹಲಿಯ ಬಗ್ಗೆ ಮಾತನಾಡಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಂಚಾಯತಿಯ ಚರಂಡಿ ಬಿಲ್ಲಿನ ಬಗ್ಗೆ ಕೇಳಿದರೆ ಭಾವ, ಬೀಗ, ಅಣ್ಣತಮ್ಮ ಯಾರಾದರೂ ಒಬ್ಬರು ಮಾತು ಬಿಡುತ್ತಾರೆ. ಅದಕ್ಕೇ ದೂರದ ವಿಷಯ ನಮಗೆ ಹಗುರು. ಒಂದು ಉದಾಹರಣೆ ಕೊಡುತ್ತೇನೆ. ಪಂಚಾಯತಿಗಳ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಆಗಬೇಕು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯಿಂದ ಇದು ಸಂವಿಧಾನದಲ್ಲಿಯೇ ಬರೆದ ಮಾತು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗೆ ಕೊನೆಯ ಚುನಾವಣೆ ಆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅಂದಿನಿಂದ ಇಂದಿನವರೆಗೆ ನಾವು ಆರಿಸಿದ ಸದಸ್ಯ ಅಲ್ಲಿ ಒಬ್ಬನೂ ಇಲ್ಲ, ಆಡಳಿತಾಧಿಕಾರಿಗಳಿದ್ದಾರೆ. ಈ ನಡುವೆ ಸರಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ಬದಲಾಯಿತು, ಇದು ಬದಲಾಗಲಿಲ್ಲ. ಇವತ್ತು ಹತ್ತನೇ ಇಯತ್ತೆಯಲ್ಲಿ ಓದುವ ಮಕ್ಕಳು ಬುದ್ಧಿ ಬಂದ ಮೇಲೆ ಒಬ್ಬ ಜಿಲ್ಲಾ ಪಂಚಾಯತಿ ಸದಸ್ಯನನ್ನು ಕಂಡಿಲ್ಲ. ಇದಕ್ಕಾಗಿ ನಮ್ಮ ತಾಲೂಕಿನಲ್ಲಿ ಒಂದು ಧರಣಿ ನಡೆದದ್ದು ನನಗೆ ನೆನಪಿಲ್ಲ. ನಮ್ಮ ಮಕ್ಕಳು ದಿನಾಲು ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದುತ್ತಾರೆ, ಬಹಳ ಚೆನ್ನಾಗಿ ಓದುತ್ತಾರೆ, ನಾನು ಕಂಪೌಂಡಿನ ಹೊರಗೆ ನಿಂತು ಕೇಳಿದ್ದೇನೆ.

ಗ್ರಾಮ ಪಂಚಾಯತಿಗೆ ಚುನಾವಣೆ ಆದದ್ದು 2020ರ ಡಿಸೆಂಬರ್‌ನಲ್ಲಿ. ಹೊಸದು ಹತ್ತಿರ ಬಂತು. ದರ ಈಗಲೇ ಮಾತನಾಡುತ್ತಿದ್ದಾರೆ. ನಾನು ನಿಂತಾಗ ಒಬ್ಬ ಅಜ್ಜಿ, “ಯಪ್ಪಾ, ನೀ ಏನೂ ಕೊಡಂಗಿಲ್ಲಂತ, ಹಾಕ್ತೀನಿ ತಗೋ. ಆದರ ಅಂವಾ ಕೊಟ್ಟದ್ದು ಇಸಗೊಂಡೀನಿ, ಅಂವಗೂ ಮೋಸ ಮಾಡಲಾರೆ. ಏನ ಮಾಡ್ಲಿ?” ಎಂದು ಕೇಳಿದಳು. ಅವಳ ಪ್ರಾಮಾಣಿಕತನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದು ಎಂಬುದು ಅವಳ ನೀತಿ. ಆ ನೀತಿಯನ್ನೇ ಬಂಡವಾಳ ಮಾಡಿಕೊಂಡವನು ಕಳ್ಳ. ಮೊದಲ ಸಲ ನಾನು 11 ಮತದಿಂದ ಗೆದ್ದೆ, ಎರಡನೆಯ ಸಲ 60 ಮತದಿಂದ ಸೋತೆ. ಸೋತ ಮೇಲೂ ಗ್ರಾಮಸಭೆಗೆ ಹೋಗುವುದನ್ನು ಬಿಟ್ಟಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕೆಂದು ಕಾಯ್ದೆ ಇದೆ, ಕರೆಯುತ್ತಾರೆ, ಬರುವವರು ಮೂವತ್ತು ಜನ. ಅದರಲ್ಲಿ ಹತ್ತು ಜನ ಮನೆಯ ಮಂಜೂರಿ ಕೇಳಲು ಬಂದವರು, ತಮ್ಮ ಹೆಸರು ಕೂಗಿದ ಕೂಡಲೇ ಎದ್ದು ಹೋಗುತ್ತಾರೆ.

ಕೊನೆಯದಾಗಿ ಮಹೋತ್ಸವದ ಹಣದ ಮಾತು. ಸಮಿತಿಯವರು ಸಿಟ್ಟಾಗಬಾರದು, ನಾನೂ ಸಮಿತಿಯಲ್ಲಿದ್ದೇನೆ. ಖರ್ಚು ಹೋಗಿ ಉಳಿಯುವ ಹಣದಲ್ಲಿ ಶಾಲೆಗೆ ಒಂದು ಮಹಾದ್ವಾರ ಕಟ್ಟಿ, ಅದಕ್ಕೆ ಯೋಧರ ಹೆಸರು ಇಡಬೇಕೆಂದು ಬಹಳ ಜನರ ಮನಸ್ಸು. ಯಾರ ಹೆಸರು, ಯಾರು ಉದ್ಘಾಟಿಸಬೇಕು, ಕಲ್ಲಿನ ಮೇಲೆ ಯಾವ ಯಾವ ಹೆಸರು ಯಾವ ಕ್ರಮದಲ್ಲಿ ಎಂಬ ವಿಷಯಕ್ಕೆ ಈಗಾಗಲೇ ಎರಡು ಸಭೆ ಮುರಿದಿವೆ. ನನ್ನ ಸೂಚನೆ ಬೇರೆ. ಶಾಲೆಯ ಹಳೆಯ ಎರಡು ತಗಡಿನ ಕೋಣೆಗಳಲ್ಲಿ ಒಂದನ್ನು ದುರಸ್ತಿ ಮಾಡೋಣ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಬೆಂಚು. ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ನಿವೃತ್ತ ಗುಮಾಸ್ತರಿದ್ದಾರೆ, ಇಬ್ಬಿಬ್ಬರು ಸರದಿಯಂತೆ ಅಲ್ಲಿ ಕುಳಿತುಕೊಳ್ಳಲಿ. ಸೈನಿಕರ ಮನೆಯವರು, ಮುಳುಗಡೆಯಿಂದ ಎದ್ದುಬಂದು ಹಕ್ಕುಪತ್ರ ಸಿಗದವರು, ವಿಧವಾ ವೇತನ ನಿಂತವರು, ಯಾರೇ ಬರಲಿ, ಅರ್ಜಿ ಬರೆದುಕೊಡುವುದು. ಸಾಕ್ಷಿ ಬೇಕಾದರೆ ಸಾಕ್ಷಿಗೆ ಹೋಗುವುದು. ಮೊಬೈಲಿನಲ್ಲಿ ಬಂದ ಸುದ್ದಿ ಖರೆಯೋ ಸುಳ್ಳೋ ಎಂದು ಹೇಗೆ ನೋಡಬೇಕು ಎಂಬುದನ್ನು ಹತ್ತನೇ ಇಯತ್ತೆಯ ಮಕ್ಕಳಿಗೆ ಅಲ್ಲಿಯೇ ಕಲಿಸಬಹುದು. ಅವರು ತಮ್ಮ ಅಪ್ಪಂದಿರಿಗೆ ಕಲಿಸಲಿ. ಮಹಾದ್ವಾರ ಬೇಡವೆಂದಲ್ಲ, ಅದಕ್ಕೆ ಮುಂದೆ ಯಾರಾದರೂ ದಾನಿಗಳು ಸಿಕ್ಕೇ ಸಿಗುತ್ತಾರೆ, ದ್ವಾರಕ್ಕೆ ದಾನಿಗಳ ಕೊರತೆ ಈ ಸೀಮೆಯಲ್ಲಿ ಎಂದೂ ಆಗಿಲ್ಲ.

ನನ್ನ ಮೊದಲ ತಂಡದ ಗೆಳೆಯರಲ್ಲಿ ಒಂಬತ್ತು ಜನ ನಿನ್ನೆ ರಾತ್ರಿ ಇದಕ್ಕೆ ಒಪ್ಪಿದ್ದಾರೆ. ಇಬ್ಬರು ಒಪ್ಪಿಲ್ಲ, ಅವರ ಕಾರಣವನ್ನು ಅವರೇ ಮಧ್ಯಾಹ್ನದ ಸರ್ವಸದಸ್ಯರ ಸಭೆಯಲ್ಲಿ ಹೇಳುತ್ತಾರೆ, ದಯವಿಟ್ಟು ಕುಳಿತು ಕೇಳಿರಿ. ಶನಿವಾರದ ಸರದಿಗೆ ಹೆಸರು ಬರೆಯುವ ವಹಿ ನೋಂದಣಿ ಟೇಬಲ್ಲಿನ ಮೇಲೆ, ಕೆಂಪು ರಟ್ಟಿನದು. ಗ್ರಾಮಸಭೆ ಬರುವ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ನೋಟಿಸು ಪಂಚಾಯತಿಯ ಗೋಡೆಗೆ ಹಚ್ಚಿದ್ದಾರೆ. ಈಗ ಅಡಿಗೆಯವರು ಕರೆಯುತ್ತಿದ್ದಾರೆ, ರೊಟ್ಟಿ ಆರುವುದರೊಳಗೆ ಮಕ್ಕಳನ್ನು ಮೊದಲ ಪಂಕ್ತಿಗೆ ಬಿಡೋಣ.